ಮಾತ್ರೆ ಯಾರಿಗೆ?

ಪದ್ಮನಾಭನಗರದ ವಾರಿಜಾ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರ್. ಹೂವಿನ ಪರಾಗಸ್ಪರ್ಶವನ್ನು ಅವಳಷ್ಟು ಚೆನ್ನಾಗಿ ಹೇಳಿಕೊಡುವವರು ಆ ಸುತ್ತಮುತ್ತ ಯಾರೂ ಇರಲಿಲ್ಲ. ಹೂವು ಮುಗಿದು ಮನುಷ್ಯರ ಸರದಿ ಬಂದಾಗ ಮಾತ್ರ, "ಇದು ಸುಲಭ ಇದೆ, ಮನೇಲಿ ಓದ್ಕೊಳ್ಳಿ" ಎಂದು ಪುಸ್ತಕ ಮುಚ್ಚುತ್ತಿದ್ದಳು. ಮಕ್ಕಳು ಮನೆಯಲ್ಲಿ ಕಲಿತುಕೊಳ್ಳುತ್ತಿದ್ದರು, ಪುಸ್ತಕದಿಂದ ಅಲ್ಲ ಅಷ್ಟೆ.

ಅವಳಿಗೆ ನಲವತ್ತನಾಲ್ಕು. ಗಂಡ ಜಯಸಿಂಹ ಅವಳಿಗಿಂತ ಐದು ವರ್ಷ ದೊಡ್ಡವನು, ಒಂದು ವಿಮಾ ಕಂಪನಿಯ ಬ್ರಾಂಚ್ ಮ್ಯಾನೇಜರ್. ಬೇರೆಯವರ ಬದುಕಿನಲ್ಲಿ ಯಾವ ಅನಾಹುತ ಆಗಬಹುದೆಂದು ಮುಂಚೆಯೇ ಲೆಕ್ಕ ಹಾಕಿ ಹೇಳುವುದೇ ಅವನ ಹೊಟ್ಟೆಪಾಡು. ಮಗಳು ಪ್ರಕೃತಿ ಹತ್ತೊಂಬತ್ತರ ಕಾಲೇಜು ಹುಡುಗಿ. ಆ ವಾರಾಂತ್ಯ ಅವಳು ಗೆಳೆಯರ ಗುಂಪಿನ ಜೊತೆ ಟ್ರೆಕ್ಕಿಂಗ್ ಹೋದಳು. ಭಾನುವಾರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಬಿಸಿಬೇಳೆಬಾತ್ ಆಗಿತ್ತು, ಹೊರಗೆ ಮೋಡ ಮುಚ್ಚಿತ್ತು, ಟಿವಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಮನೆ ಹೀಗೆ ಖಾಲಿ ಸಿಕ್ಕಿದ್ದು ಅಪರೂಪ. ಅವರು ಅದನ್ನು ವ್ಯರ್ಥ ಮಾಡಲಿಲ್ಲ.

"ಈ ವಯಸ್ಸಲ್ಲಿ ಇನ್ನೇನಾಗುತ್ತೆ, ಬಿಡೇ" ಎಂದ ವಿಮಾ ಮ್ಯಾನೇಜರ್.

ಸೋಮವಾರ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಾ ಕ್ಯಾಲೆಂಡರ್ ಕಡೆ ಕಣ್ಣು ಹೋದಾಗ ವಾರಿಜಾ ಲೋಟ ಕೆಳಗಿಟ್ಟು ಬೆರಳು ಮಡಿಸಿ ದಿನ ಎಣಿಸಿದಳು. ತಿಂಗಳಲ್ಲಿ ಯಾವ ದಿನ ಏನೂ ಆಗಬಾರದೋ ಅದೇ ದಿನ ಆಗಿತ್ತು. ಅವಳಿಗೆ ತಕ್ಷಣ ಹೊಳೆನರಸೀಪುರದ ಸೋದರತ್ತೆ ನೆನಪಾದಳು. ಮಗಳ ಬಾಣಂತನ ಮಾಡಬೇಕಾದ ವರ್ಷದಲ್ಲೇ ಆ ಅತ್ತೆ ತಾನೂ ಹೆತ್ತಿದ್ದಳು. ಅವಳ ಮಗನೂ ಮೊಮ್ಮಗನೂ ಒಂದೇ ಕ್ಲಾಸಿನಲ್ಲಿ ಓದಿದರು. ಇವತ್ತಿಗೂ ಬಂಧುಗಳ ಮದುವೆಯಲ್ಲಿ ಎಲೆಗೆ ಉಪ್ಪು ಬೀಳುವ ಮೊದಲು ಆ ಕಥೆ ಬಡಿಸುವುದುಂಟು.

ಶಾಲೆ ಬಿಟ್ಟ ಮೇಲೆ ವಾರಿಜಾ ನೇರವಾಗಿ ಮನೆ ಹತ್ತಿರದ ವೆಂಕಟಸ್ವಾಮಿಯ ಮೆಡಿಕಲ್ ಸ್ಟೋರಿಗೆ ಹೋದಳು. ಅವಳ ಬಿಪಿ ಮಾತ್ರೆಯನ್ನು ಕೇಳದೆಯೇ ತೆಗೆದುಕೊಡುವ ಮನುಷ್ಯ ಆತ. ಪ್ರಕೃತಿ ಟ್ರೆಕ್ಕಿಂಗಿಗೆಂದು ಬ್ಯಾಂಡೇಜು ಕೊಂಡಿದ್ದೂ ಅವನ ಹತ್ತಿರವೇ. ಪಕ್ಕದಲ್ಲಿ ಯಾರೋ ಕೆಮ್ಮಿನ ಔಷಧಿ ಕೊಳ್ಳುತ್ತಿದ್ದರು. ಅವರು ಹೋಗುವವರೆಗೂ ಬೇಡದ ಟೂತ್‌ಪೇಸ್ಟುಗಳನ್ನೆಲ್ಲ ನೋಡಿ, ಆಮೇಲೆ ಮೆಲ್ಲಗೆ ಕೇಳಿದಳು. "ವೆಂಕಟಸ್ವಾಮಿ, ಆ ಮಾತ್ರೆ ಇದೆಯಾ? ಆದ್ಮೇಲೆ ತಗೊಳ್ಳೋದು?"

"ಊಟ ಆದ್ಮೇಲಾ ಮೇಡಂ?"

"ಊಟ ಅಲ್ಲ."

ವೆಂಕಟಸ್ವಾಮಿಗೆ ಅರ್ಥವಾಯಿತು. ಅವನ ಮುಖ ಸಾವಿನ ಮನೆಗೆ ಹೋದವರ ಮುಖದಂತಾಯಿತು. "ಅದಕ್ಕೆ ಡಾಕ್ಟ್ರ ಚೀಟಿ ಬೇಕು ಮೇಡಂ. ಏನ್ಮಾಡೋದು, ಕಾಲಾನೇ ಕೆಟ್ಟೋಯ್ತು. ಹೆಣ್ಣುಮಕ್ಕಳನ್ನ ಟ್ರೆಕ್ಕಿಂಗು ಅಂತ ಕಳಿಸೋಕೆ ಮುಂಚೆ ಯೋಚನೆ ಮಾಡ್ಬೇಕು."

ಆ ಮಾತ್ರೆಗೆ ಚೀಟಿ ಬೇಕಿಲ್ಲ. ಆದರೆ ಚೀಟಿ ಬೇಕೇಬೇಕಾದ ನಿದ್ದೆ ಮಾತ್ರೆಯನ್ನು ಚೀಟಿಯಿಲ್ಲದೆ ಕೊಡುತ್ತಿದ್ದ ವೆಂಕಟಸ್ವಾಮಿ, ಎಲ್ಲೋ ಒಂದು ಕಡೆ ಕಾನೂನು ಪಾಲಿಸಬೇಕಲ್ಲ ಎಂದು ಇಲ್ಲಿ ಪಾಲಿಸಿದ. ಅವನ ಮಾತಿನ ಕೊನೆಯ ಭಾಗ ವಾರಿಜಾಳ ತಲೆಗೆ ಹೋಗಲೇ ಇಲ್ಲ. ಬಿಪಿ ಇರುವವಳು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳುವುದು ಒಳ್ಳೆಯದೇನೋ ಎನಿಸಿ ಜಯನಗರದ ಬಸ್ಸು ಹತ್ತಿದಳು.

ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸ್ ಹಿಂದಿನ ರಸ್ತೆಯಲ್ಲಿ ಡಾಕ್ಟರ್ ಶಿವರಾಮ್ ಅವರ ಕ್ಲಿನಿಕ್. ಜಯಸಿಂಹನ ಮನೆಯ ಮೂರು ತಲೆಮಾರಿನ ನಾಡಿ ಹಿಡಿದವರು. ಕುತ್ತಿಗೆಯಿಂದ ಮೇಲೆ ಮತ್ತು ಮಂಡಿಯಿಂದ ಕೆಳಗೆ ಬರುವ ಕಾಯಿಲೆಗಳಲ್ಲಿ ಅವರನ್ನು ಮೀರಿಸುವವರಿಲ್ಲ. ನಡುವಿನದ್ದಕ್ಕೆಲ್ಲ ಅವರು ‘ಜನರಲ್ ವೀಕ್‌ನೆಸ್’ ಎಂದು ಹೆಸರಿಟ್ಟಿದ್ದರು.

"ಡಾಕ್ಟ್ರೇ, ಮನೇಲಿ ಒಂದು ಎಡವಟ್ಟಾಗಿದೆ" ಎಂದು ಶುರು ಮಾಡಿದ ವಾರಿಜಾ, ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿಷಯ ಹೇಳಿದಳು.

ಶಿವರಾಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರಕೃತಿಗೆ ಈಗ ಎಷ್ಟಮ್ಮ ವಯಸ್ಸು?"

"ಹತ್ತೊಂಬತ್ತು."

"ಹುಡುಗ ಯಾರು? ನಮ್ಮೋರೇನಾ?"

"ಅಯ್ಯೋ, ಅವಳಿಗಲ್ಲ ಡಾಕ್ಟ್ರೇ. ನನಗೆ!"

ಶಿವರಾಮ್ ನಕ್ಕರು. ಎಷ್ಟೋ ಜನರ ಕಷ್ಟ ಕಂಡವರ ಕರುಣೆಯ ನಗು. "ತಾಯಿ ಕರುಳು ಅಂದ್ರೆ ಇದೇ ನೋಡಮ್ಮ. ನನ್ನ ನಲವತ್ತು ವರ್ಷದ ಪ್ರಾಕ್ಟೀಸಲ್ಲಿ ಬಂದ ಎಲ್ಲ ತಾಯಂದಿರೂ ಹೀಗೇ ಹೇಳಿದ್ದು."

"ನಿಜವಾಗ್ಲೂ ನನಗೇ ಡಾಕ್ಟ್ರೇ."

"ಆಯ್ತಮ್ಮ, ನಿನಗೇ ಅಂತಿಟ್ಕೋ" ಎಂದರು ಅವರು, ಜ್ವರದಲ್ಲಿ ಬಡಬಡಿಸುವವರನ್ನು ಸಮಾಧಾನ ಮಾಡುವಂತೆ. "ನಾನು ಇಂಥದ್ದೆಲ್ಲ ಬರ್ಕೊಡಲ್ಲ. ಬಿಟಿಎಮ್ ಲೇಔಟಲ್ಲಿ ಡಾಕ್ಟರ್ ರಾಜಶ್ರೀ ಅಂತ ಇದಾರೆ, ಹುಬ್ಬಳ್ಳಿ ಕಡೆಯೋರು. ಅವರಿಗೆ ರೆಫರ್ ಮಾಡ್ತೀನಿ. ನಮ್ಮ ಜಯನಗರದೋರು ಯಾರೂ ಆ ಕಡೆ ಹೋಗಲ್ಲ, ಗೊತ್ತಾಗಲ್ಲ." ಪತ್ರ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟರು. "ಈ ಗೋಡೆ ದಾಟಿ ಹೋಗಲ್ಲಮ್ಮ ಈ ವಿಷಯ. ಇದು ವೈದ್ಯಧರ್ಮ."

ವಾರಿಜಾ ಬಸ್ ಸ್ಟಾಪ್ ತಲುಪುವ ಮೊದಲೇ ವಿಷಯ ಗೋಡೆ ದಾಟಿತ್ತು. ತಂದೆಯಾದವನಿಗೆ ತಿಳಿಸದಿದ್ದರೆ ಹೇಗೆ ಎಂದು ಶಿವರಾಮ್ ಜಯಸಿಂಹನಿಗೆ ಫೋನ್ ಮಾಡಿ, ಗಟ್ಟಿಯಾಗಿರು ಎಂದು ಧೈರ್ಯ ಹೇಳಿದ್ದರು.

ಜಯಸಿಂಹ ಮನೆಗೆ ಬಂದಾಗ ಪ್ರಕೃತಿ ಸೋಫಾದ ಮೇಲೆ ಕಾಲು ಚಾಚಿ, ಟ್ರೆಕ್ಕಿಂಗಿನಲ್ಲಿ ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವನು ಚಪ್ಪಲಿ ಬಿಡಲೂ ಇಲ್ಲ.

"ಯಾರವನು?"

"ಯಾವನು ಅಪ್ಪ?"

"ನಂಗೆಲ್ಲ ಗೊತ್ತಾಗಿದೆ. ನಿನ್ನ ಕ್ಲಾಸಿನ ಆ ಚಿರಂತ್ ತಾನೇ? ಟ್ರೆಕ್ಕಿಂಗ್ ಅಂತೆ, ಟ್ರೆಕ್ಕಿಂಗ್!"

"ಚಿರಂತಾ? ಅವನು ಅರ್ಧ ದಾರೀಲೇ ಸುಸ್ತಾಗಿ ಕೂತ. ಅವನ ಬ್ಯಾಗ್ ಹೊತ್ತಿದ್ದು ನಾನು" ಎಂದಳು ಪ್ರಕೃತಿ. "ಏನಾಯ್ತು ನಿಂಗೆ?"

"ನನ್ನ ಬಾಯಲ್ಲಿ ಹೇಳಿಸ್ಬೇಡ. ನಿಮ್ಮಮ್ಮ ಇವತ್ತು ನಿನಗೋಸ್ಕರ ಶಿವರಾಮ್ ಡಾಕ್ಟ್ರ ಮುಂದೆ ಕಣ್ಣೀರು ಹಾಕಿ ಮಾತ್ರೆ ಕೇಳಿದಾಳೆ. ಯಾವ ಮಾತ್ರೆ ಅಂತ ನಿನಗೇ ಗೊತ್ತು."

ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಲು ಹೊರಟಿದ್ದ ವಾರಿಜಾ ಸ್ಟವ್ ಆರಿಸಿ ಹೊರಗೆ ಬಂದಳು. ಅವಳು ಕಣ್ಣೀರು ಹಾಕಿರಲಿಲ್ಲ. ಅದು ಡಾಕ್ಟರ ಸ್ವಂತ ಸೇರ್ಪಡೆ.

"ಮಾತ್ರೆ ನನಗೆ ಕಣ್ರೀ" ಎಂದಳು. "ನಿನ್ನೆ ಭಾನುವಾರ. ಮರೆತುಹೋಯ್ತಾ?"

ಜಯಸಿಂಹ ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ, ಆಮೇಲೆ ಚಪ್ಪಲಿ ಕಾಲಲ್ಲೇ ಕುರ್ಚಿಯ ಮೇಲೆ ಕುಕ್ಕರಿಸಿದ. ಅವನ ಕೆನ್ನೆ ಕಿವಿಯೆಲ್ಲ ಕೆಂಪಗಾದವು. ಪ್ರಕೃತಿ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಅಯ್ಯೋ ದೇವ್ರೇ, ನಂಗೆ ಇದನ್ನೆಲ್ಲ ಕೇಳೋದು ಬೇಕಿರ್ಲಿಲ್ಲ" ಎಂದು ಗೊಣಗಿದಳು.

ಜಯಸಿಂಹ ದನಿ ಇಳಿಸಿ ಕೇಳಿದ. "ಡಾಕ್ಟ್ರಿಗೆ ಹಾಗಂತ ಹೇಳಿಬಿಟ್ಯಾ?"

"ಹೇಳಿದೆ. ಅವರು ನಂಬಲಿಲ್ಲ."

"ಸದ್ಯ!" ಎಂದು ಅವನು ನಿಟ್ಟುಸಿರು ಬಿಟ್ಟ. "ಬೆಳಿಗ್ಗೆ ವಾಕಿಂಗಲ್ಲಿ ದಿನಾ ಸಿಗ್ತಾರೆ ಮಾರಾಯ್ತಿ. ಹೇಗೆ ಮುಖ ತೋರಿಸೋದು ಅಂತ ಒಂದು ಕ್ಷಣ ಹೆದರಿದ್ದೆ."

ಪ್ರಕೃತಿ ಕಾಲು ಕೆಳಗಿಳಿಸಿ ನೆಟ್ಟಗೆ ಕೂತಳು. "ಅಂದ್ರೆ ಅವರು ನಾನೇ ಅಂದ್ಕೊಂಡ್ರೆ ಪರ್ವಾಗಿಲ್ವಾ ಅಪ್ಪ?"

"ಹಾಗಲ್ಲ ಪುಟ್ಟಿ..."

"ಮತ್ತೆ ಹೇಗೆ?"

ಜಯಸಿಂಹ ಬಗ್ಗಿ ಚಪ್ಪಲಿ ಬಿಚ್ಚತೊಡಗಿದ. ವಾರಿಜಾಳಿಗೆ ಮಾತ್ರ ಅಲ್ಲಿಯವರೆಗೂ ಇದ್ದ ನಾಚಿಕೆ ಅಲ್ಲಿಗೆ ಇಳಿದುಹೋಯಿತು. ಇಡೀ ದಿನ ಅವಳು ಪಿಸುಗುಟ್ಟಿದ್ದಳು, ಸನ್ನೆ ಮಾಡಿದ್ದಳು, ಟೂತ್‌ಪೇಸ್ಟ್ ಹಿಂದೆ ಅಡಗಿದ್ದಳು. ಅದರ ಫಲವಾಗಿ ಗಂಡನ ಮರ್ಯಾದೆ ಉಳಿದು, ಮಗಳದ್ದು ಹರಾಜಾಗಿತ್ತು. "ಈಗಲೇ ಫೋನ್ ಮಾಡಿ ಶಿವರಾಮ್ ಅವರಿಗೆ ಹೇಳಿ" ಎಂದಳು. ನಾಳೆ ನೋಡೋಣ ಎಂದ ಜಯಸಿಂಹ. ಆ ದಿನ ಸಾರಿಗೆ ಒಗ್ಗರಣೆ ಬೀಳಲೇ ಇಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ವಾರಿಜಾ ಮಗಳ ಸ್ಕೂಟರಿನ ಹಿಂದೆ ಕೂತಳು. ಸಾರಕ್ಕಿ ಸಿಗ್ನಲಿನಲ್ಲಿ ಗಾಡಿಗಳು ಒಂದರ ಮೂತಿ ಇನ್ನೊಂದರ ಬಾಲಕ್ಕೆ ತಾಗಿಸಿಕೊಂಡು ನಿಂತಿದ್ದವು. "ತುರ್ತು ಅಂದ್ರೆ ಇದೇನಾ ಅಮ್ಮ?" ಎಂದು ಪ್ರಕೃತಿ ಹೆಲ್ಮೆಟ್ಟಿನೊಳಗಿಂದ ಕೇಳಿದಳು. ವಾರಿಜಾಳಿಗೆ ನಗು ಬಂತು. ಎರಡು ದಿನದಲ್ಲಿ ಅದೇ ಮೊದಲು.

ಬಿಟಿಎಮ್ಮಿನ ಆಸ್ಪತ್ರೆ ಒಂದು ಪಿಜಿಗೂ ಒಂದು ಜಿಮ್ಮಿಗೂ ನಡುವೆ ಇತ್ತು. ಡಾಕ್ಟರ್ ರಾಜಶ್ರೀ ಲಕೋಟೆ ಹರಿದು ಪತ್ರ ಓದಿ, ಪ್ರಕೃತಿಯ ಕಡೆ ತಿರುಗಿದರು. "ಬಾರವ್ವ, ಹೆದರಬ್ಯಾಡ. ಇಲ್ಲಿ ಮಲ್ಕೋ."

"ನಾನು ಡ್ರೈವರ್ ಮೇಡಂ" ಎಂದಳು ಪ್ರಕೃತಿ. "ಪೇಷಂಟ್ ಇವರು."

ರಾಜಶ್ರೀ ಮತ್ತೊಮ್ಮೆ ಪತ್ರ ನೋಡಿದರು. "ಹತ್ತೊಂಬತ್ತು ವರ್ಷ, ಮದುವಿ ಆಗಿಲ್ಲ. ತಾಯಿಗೆ ಭಾಳ ಆಘಾತ ಆಗೇದ, ಪೇಷಂಟ್ ತಾನೇ ಅಂತಾರ, ನಂಬಬ್ಯಾಡ್ರಿ ಅಂತ ಬರದಾರಲ್ರಿ ಶಿವರಾಮ್ ಸರ್!"

"ನಂಬಿ" ಎಂದಳು ವಾರಿಜಾ. ಮತ್ತು ಈ ಸಲ ಸನ್ನೆಯಿಲ್ಲದೆ, ಭಾನುವಾರದಿಂದ ಹಿಡಿದು ಎಲ್ಲವನ್ನೂ ಪೂರ್ತಿ ವಾಕ್ಯಗಳಲ್ಲಿ ಹೇಳಿದಳು.

ರಾಜಶ್ರೀ ನಗದೆ ಕೇಳಿದರು. ಕೊನೆಗೆ ಮಾತ್ರ ತಡೆಯಲಾಗಲಿಲ್ಲ. "ನೀವು ಬಯಾಲಜಿ ಟೀಚರ್ ಅಂದ್ರಲ್ರಿ?"

"ನಾನು ಹೂವಿನ ತನಕ ಮೇಡಂ."

ಬಿಪಿ ನೋಡಿ, ಪರೀಕ್ಷೆ ಮಾಡಿ ರಾಜಶ್ರೀ ವಿವರಿಸಿದರು. "ಮಾತ್ರಿ ತಗೊಂಡ್ರೂ ನಡಿತೈತ್ರಿ. ಆದ್ರ ಅದು ಎಷ್ಟು ತಡ ಆಕೈತೋ ಅಷ್ಟು ಕೆಲಸ ಕಮ್ಮಿ. ಗರ್ಭಚೀಲದಾಗ ಕಾಪರ್-ಟಿ ಹಾಕಿಸ್ಕೊಂಡ್ರ ಇನ್ನೂ ಚಲೋ. ನಮ್ಮ ಕಡೆ ವಂಕಿ ಅಂತೀವಿ. ಐದು ದಿನದೊಳಗ ಹಾಕಿದ್ರ ಈಗ ಆಗಿದ್ದಕ್ಕೂ ಆತು, ಮುಂದ ಹತ್ತು ವರ್ಷಕ್ಕೂ ಆತು. ಬ್ಯಾಡಾದ್ರ ಯಾವಾಗ ಬೇಕಾದ್ರೂ ತಗಸಬಹುದು. ಬಿಪಿಗೂ ಏನೂ ಸಂಬಂಧಿಲ್ಲ."

"ನಮ್ಮನೆಯವರ ಸೈನ್ ಬೇಕಾ?"

"ಅವರಿಗೆ ಹಾಕೋದಾದ್ರ ಬೇಕ್ರಿ" ಎಂದರು ರಾಜಶ್ರೀ.

ಕೆಲಸ ಬೇಗ ಮುಗಿಯಿತು. ಕಿಬ್ಬೊಟ್ಟೆಯಲ್ಲಿ ಹಿಂಡಿದಂಥ ನೋವು, ತುಸು ತಲೆಸುತ್ತು. ಸ್ವಲ್ಪ ಹೊತ್ತು ಮಲಗಿರಿ ಎಂದ ರಾಜಶ್ರೀ, ಪ್ರಕೃತಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. "ನಿನಗೂ ಏನಾರ ಕೇಳೋದಿದ್ರ ಕೇಳವ್ವ. ಇಲ್ಲಿಂದ ಅಪ್ಪಗ ಫೋನ್ ಹೋಗಂಗಿಲ್ಲ."

ಪ್ರಕೃತಿ ಎರಡು ಪ್ರಶ್ನೆ ಕೇಳಿದಳು. ವಾರಿಜಾ ಫ್ಯಾನ್ ನೋಡುತ್ತಾ ಮಲಗಿದ್ದಳು. ಒಳ್ಳೆಯ ಪ್ರಶ್ನೆಗಳು. ಮಗಳು ಇವನ್ನು ಯಾವತ್ತೂ ತನ್ನ ಹತ್ತಿರ ತಂದಿರಲಿಲ್ಲ, ತಾನೂ ತರಲು ದಾರಿ ಬಿಟ್ಟಿರಲಿಲ್ಲ. ಹೊಟ್ಟೆನೋವಿಗಿಂತ ಅದು ಸ್ವಲ್ಪ ಹೆಚ್ಚು ನೋಯಿಸಿತು. ಅವಳು ಕೈ ಚಾಚಿ ಮಗಳ ಮಂಡಿಯನ್ನು ತಟ್ಟಿ, ಫೋನ್ ಕೊಡು ಎಂದು ಶಿವರಾಮ್ ಅವರ ನಂಬರ್ ಒತ್ತಿದಳು.

"ಡಾಕ್ಟ್ರೇ, ನಾನು ವಾರಿಜಾ. ಕಾಪರ್-ಟಿ ಹಾಕಿಸ್ಕೊಂಡೆ. ರೆಫರ್ ಮಾಡಿದ್ದಕ್ಕೆ ಥ್ಯಾಂಕ್ಸ್."

ಆ ಕಡೆ ಶಿವರಾಮ್ ಗಂಟಲು ಸರಿಮಾಡಿಕೊಂಡರು. "ಮಗು ಹೇಗಿದೆಯಮ್ಮ?"

"ಮಗು ಚೆನ್ನಾಗಿದೆ, ಸ್ಕೂಟರ್ ಓಡಿಸ್ಕೊಂಡು ಬಂತು. ಹಾಕಿಸ್ಕೊಂಡಿದ್ದು ನಾನು. ಬೇಕಾದ್ರೆ ರಾಜಶ್ರೀ ಮೇಡಂಗೆ ಫೋನ್ ಕೊಡ್ತೀನಿ."

"ಈ ವಯಸ್ಸಲ್ಲಿ..." ಎಂದು ಶಿವರಾಮ್ ತಡವರಿಸಿದರು.

"ಹೌದು ಡಾಕ್ಟ್ರೇ, ಈ ವಯಸ್ಸಲ್ಲೇ. ನೀವು ನಿನ್ನೆ ನಮ್ಮನೆಯವರಿಗೆ ಫೋನ್ ಮಾಡಿದ್ರಂತೆ. ಇವತ್ತೂ ಮಾಡಿ. ಪೇಷಂಟ್ ಯಾರು ಅಂತ ನೀವೇ ಹೇಳಿಬಿಡಿ. ಇಲ್ಲಾಂದ್ರೆ ನಾನೇ ಕ್ಲಿನಿಕ್ಕಿಗೆ ಬಂದು, ಅಲ್ಲಿ ಕೂತಿರೋ ಎಲ್ಲರಿಗೂ ಕೇಳಿಸೋ ಹಾಗೆ ಹೇಳ್ತೀನಿ."

ಶಿವರಾಮ್ ಫೋನ್ ಮಾಡಿದರು. ಇಬ್ಬರು ಗಂಡಸರು ಏನು ಮಾತಾಡಿಕೊಂಡರೆಂದು ಇವತ್ತಿಗೂ ಯಾರಿಗೂ ತಿಳಿಯದು. ಆ ಒಂದು ವಿಷಯದಲ್ಲಿ ಮಾತ್ರ ವೈದ್ಯಧರ್ಮ ಸಂಪೂರ್ಣವಾಗಿ ಪಾಲನೆಯಾಯಿತು.

ಸಂಜೆ ಜಯಸಿಂಹ ಬೇಗ ಮನೆಗೆ ಬಂದ. ವಾರಿಜಾ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಳು.

"ನೋವಿದೆಯಾ?"

"ಇದೆ. ಮೊದಲು ಅವಳ ಹತ್ರ ಹೋಗಿ ಮಾತಾಡಿ, ಆಮೇಲೆ ನನ್ನ ಕೇಳಿ."

ಅವನು ಮಗಳ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದ. ದೊಡ್ಡ ಮಾತೇನೂ ಕೇಳಿಸಲಿಲ್ಲ. "ನಾನು ಕೇಳಿದ್ದು ತಪ್ಪು. ಆಮೇಲೆ ಅಂದಿದ್ದು ಇನ್ನೂ ದೊಡ್ಡ ತಪ್ಪು" ಎಂಬಷ್ಟು ಮಾತ್ರ ಹೊರಗೆ ಬಂತು. ಪ್ರಕೃತಿ ಏನು ಹೇಳಿದಳೋ, ಅವನು ಕಣ್ಣೊರೆಸಿಕೊಂಡು ಬಂದು ಅನ್ನಕ್ಕಿಟ್ಟ. ಅನ್ನ ಅಂಟಂಟಾಗಿತ್ತು. ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಊಟ ಮಾಡಿದರು.

ಮುಂದಿನ ತಿಂಗಳು ಚೆಕಪ್ಪಿಗೆ ಹೋಗಬೇಕಿತ್ತು. ನಾನೂ ಬರ್ತೀನಿ ಎಂದು ಜಯಸಿಂಹ ತಾನಾಗಿಯೇ ಹೊರಟ. ಕಾಯುವ ಕೋಣೆಯಲ್ಲಿ ಇದ್ದವರೆಲ್ಲ ಹೆಂಗಸರು. ಇನ್ನೂ ಸಣ್ಣ ವಯಸ್ಸಿನವರು. ಅವನು ಬ್ಯಾಗನ್ನು ಎದೆಗೆ ಅವಚಿಕೊಂಡು ತುದಿಯ ಕುರ್ಚಿಯಲ್ಲಿ ಕೂತ. ರಿಸೆಪ್ಷನ್ನಿನ ಹುಡುಗಿ ತಲೆಯೆತ್ತಿ ನೋಡಿದಳು.

"ಮಗಳ ಜೊತೆ ಬಂದಿದೀರಾ ಅಂಕಲ್?"

"ಇಲ್ಲಮ್ಮ... ಹೆಂಡತಿ ಜೊತೆ."

"ಕೇಳಿಸ್ಲಿಲ್ಲ ಅಂಕಲ್, ಯಾರ ಜೊತೆ?"

ಕೋಣೆಯಲ್ಲಿದ್ದವರೆಲ್ಲ ಅವನತ್ತ ನೋಡಿದರು. ವಾರಿಜಾ ಸಹಾಯಕ್ಕೆ ಹೋಗಲಿಲ್ಲ, ಗೋಡೆಯ ಮೇಲಿದ್ದ ಗಡಿಯಾರ ನೋಡುತ್ತಾ ಕೂತಳು. ಜಯಸಿಂಹ ಎದ್ದು ನಿಂತು, ಬ್ರಾಂಚ್ ಮೀಟಿಂಗಿನ ದನಿಯಲ್ಲಿ ಹೇಳಿದ.

"ಹೆಂಡತಿ ಜೊತೆ ಬಂದಿದೀನಿ. ಕಾಪರ್-ಟಿ ಚೆಕಪ್ಪಿಗೆ."

ಅಷ್ಟರಲ್ಲಿ ಒಳಗಿನಿಂದ ವಾರಿಜಾಳ ಹೆಸರು ಕೂಗಿದರು. ಬಂದ ಧೈರ್ಯದಲ್ಲಿ ಅವನೂ ಹಿಂದೆಯೇ ಹೊರಟ.

"ನೀವು ಇಲ್ಲೇ ಕೂತಿರಿ" ಎಂದು ವಾರಿಜಾ ಬಾಗಿಲು ಹಾಕಿಕೊಂಡಳು.