ಓದಬಹುದು, ತಿದ್ದುವಂತಿಲ್ಲ

ತಪ್ಪು ನನ್ನ ಕಂಪ್ಯೂಟರಿನದಂತೆ! ಹಾಗೆಂದು ಅಣ್ಣ ಔಷಧಿ ಕಂಪನಿಯ ಮೇಡಂ ಎದುರಿಗೇ ಹೇಳಿಬಿಟ್ಟ. ಅವರ ಕೈಯಲ್ಲಿ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದ ಚೀಟಿ ಇತ್ತು. ಮಾತ್ರೆಯ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಅದು. ಮಕ್ಕಳಿಗೆ ಅರ್ಧ ಮಾತ್ರೆ ಎಂದಿರಬೇಕಾದ ಕಡೆ ಎರಡು ಮಾತ್ರೆ ಎಂದಿತ್ತು. ಸದ್ಯ, ಡಬ್ಬಿ ಸೇರುವ ಮೊದಲೇ ಅವರ ಕಣ್ಣಿಗೆ ಬಿದ್ದಿತ್ತು.

ಪ್ರೂಫ್ ನೋಡುವುದು ನನ್ನ ಕೆಲಸ. ಆ ತಪ್ಪನ್ನು ನಾನು ಅಚ್ಚಿಗೆ ಮುಂಚೆಯೇ ತಿದ್ದಿ ಅಣ್ಣನ ಕೈಗೆ ಕೊಟ್ಟಿದ್ದೆ.

"ಇವಳ ಮಷೀನಲ್ಲಿರೋದು ಲಿನಕ್ಸ್, ಮೇಡಂ. ಪುಕ್ಕಟೆ ಸಿಕ್ಕಿದ್ದು. ನನ್ನ ವಿಂಡೋಸ್ ಜೊತೆ ಅದು ಹೊಂದ್ಕೊಳ್ಳಲ್ಲ. ನಾಳೇನೇ ತೆಗೆಸ್ತೀನಿ. ಇವಳು ಇನ್ಮೇಲೆ ಕೌಂಟರಲ್ಲಿ ಕೂತ್ಕೋತಾಳೆ," ಎಂದ ಅಣ್ಣ.

"ಯಾರು ಎಲ್ಲಿ ಕೂತ್ಕೋತಾರೋ ನನಗೆ ಬೇಡ. ತಿದ್ದಿದ್ದು ನೇರವಾಗಿ ಅಚ್ಚಿನ ಪ್ಲೇಟಿಗೆ ಹೋಗೋದನ್ನ ನಾಳೆ ನಾನೇ ನೋಡ್ಬೇಕು. ಇಲ್ಲಾಂದ್ರೆ ಕೆಲಸ ಬೇರೆ ಪ್ರೆಸ್ಸಿಗೆ," ಎಂದು ಮೇಡಂ ಹೊರಟರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮಲ್ಲಿರುವುದು ಮೂರು ಕಂಪ್ಯೂಟರ್, ಒಂದೊಂದನ್ನು ನಡೆಸುವ ತಂತ್ರಾಂಶವೂ ಬೇರೆ. ಅಣ್ಣನದು ವಿಂಡೋಸ್, ಪುಟ ಕಟ್ಟುವ ಅತ್ತಿಗೆಯದು ಮ್ಯಾಕ್, ನನ್ನದು ಲಿನಕ್ಸ್. ಮೂರಕ್ಕೂ ವೈರ್ ಎಳೆದು ಒಂದು ಮಾಡಿದ್ದೇವೆ. ಪ್ಲೇಟಿಗೆ ಹೋಗುವ ಫೈಲುಗಳೆಲ್ಲ ಇರುವುದು ಅಣ್ಣನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ. ಅದನ್ನು ನನ್ನ ಮೇಜಿನಿಂದಲೇ ತೆರೆಯಬಹುದು, ಓದಬಹುದು. ತಿದ್ದಿ ಉಳಿಸಲು ಹೋದರೆ ಮಾತ್ರ 'ಅನುಮತಿ ಇಲ್ಲ' ಎನ್ನುತ್ತಿತ್ತು.

"ಎರಡರ ಭಾಷೇನೂ ಬೇರೆ, ಏನು ಮಾಡೋಕಾಗುತ್ತೆ? ಪೆನ್ ಡ್ರೈವಲ್ಲಿ ತಂದ್ಕೊಡು, ನಾನು ಹಾಕ್ಕೋತೀನಿ," ಎಂದಿದ್ದ ಅಣ್ಣ. ನಾನು ನಂಬಿದೆ. ಪೆನ್ ಡ್ರೈವನ್ನು ಕೊರಳಿಗೆ ನೇತುಹಾಕಿಕೊಂಡು, ಕಾಗದ ಕತ್ತರಿಸುವ ಯಂತ್ರವನ್ನು ಸುತ್ತಿಕೊಂಡು ದಿನವೂ ಅವನ ಕೋಣೆಗೆ ಅಲೆದೆ. ಈ ಸಲ ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮರೆತ. ಅಂಗಿ ಒಗೆಯಲು ಹೋಯಿತು, ಹಳೆಯ ಫೈಲು ಅಚ್ಚಿಗೆ ಹೋಯಿತು. ಅಷ್ಟಾದರೂ ಅವನ ವಾದ ಏನು ಗೊತ್ತೆ? ನನ್ನ ಕಂಪ್ಯೂಟರ್ ನೆಟ್ಟಗಿದ್ದಿದ್ದರೆ ಪೆನ್ ಡ್ರೈವೇ ಬೇಕಾಗಿರಲಿಲ್ಲವಂತೆ!

ಮರುದಿನ ಬೆಳಿಗ್ಗೆ ನನ್ನ ಲಿನಕ್ಸ್ ತೆಗೆಯಲು ನೆಟ್‌ವರ್ಕ್ ಕೆಲಸದವನು ಬಂದ. ನಾವು ಅವನನ್ನು ವೈರಪ್ಪ ಎಂದೇ ಕರೆಯುವುದು. "ಕೀಳೋಕೆ ಮುಂಚೆ ಒಂದ್ಸಲ ನೋಡ್ಬಿಡ್ತೀನಿ ಇರಿ, ಅಕ್ಕ," ಎಂದು ನನ್ನ ಕುರ್ಚಿಯಲ್ಲಿ ಕುಳಿತ. ಇಲ್ಲಿಂದಲೇ ಅತ್ತಿಗೆಯ ಮ್ಯಾಕಿಗೆ ಒಂದು ಫೈಲು ಕಳಿಸಿದ, ಹೋಯಿತು. ಅತ್ತಿಗೆಯ ಹೆಸರು, ಪಾಸ್‌ವರ್ಡ್ ಕೇಳಿಕೊಂಡು ಅಣ್ಣನ ಫೋಲ್ಡರಿಗೆ ಇನ್ನೊಂದು ಹಾಕಿದ. ಅದೂ ಹೋಯಿತು!

"ನಿಮ್ಮ ಮಷೀನಿಗೆ ಯಾವ ರೋಗಾನೂ ಇಲ್ಲ ಅಕ್ಕ. ಫೈಲ್ ಹಂಚ್ಕೊಳ್ಳೋಕೆ ಈ ಮೂರಕ್ಕೂ ಗೊತ್ತಿರೋ ಒಂದು ಭಾಷೆ ಇದೆ. ಬನ್ನಿ, ಅಣ್ಣೋರದ್ದು ನೋಡೋಣ."

ಅಣ್ಣನ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಯಾರ‍್ಯಾರಿಗೆ ತೆರೆದಿದೆ ಎಂಬುದನ್ನು ತೋರಿಸಿದ. ಅತ್ತಿಗೆಯ ಹೆಸರಿನ ಮುಂದೆ ಎರಡು ಟಿಕ್: ಓದಬಹುದು, ತಿದ್ದಬಹುದು. ಕೆಳಗೆ 'ಪುಟ್ಟಿ' ಎಂದಿತ್ತು. ತಲೆ ನರೆತರೂ ಅಣ್ಣನಿಗೆ ನಾನು ಪುಟ್ಟಿಯೇ. ಅದರ ಮುಂದೆ ಒಂದೇ ಟಿಕ್.

ಅಷ್ಟರಲ್ಲಿ ಅಣ್ಣ ಒಳಗೆ ಬಂದ. "ಇದು ನೀನು ಮಾಡಿದ್ದಾ?" ಎಂದೆ.

"ಹೌದು. ಅಪ್ಪ ಇದ್ದಾಗ್ಲೂ ತಿದ್ದಿದ ಪ್ರೂಫು ಯಜಮಾನರ ಕೈ ದಾಟದೆ ಮಷೀನಿಗೆ ಹೋಗ್ತಿತ್ತಾ? ಅದೇ ಪದ್ಧತಿ."

"ಮತ್ತೆ ಅತ್ತಿಗೆಗೆ?"

"ಅವಳು ಮನೆಯವಳು."

ಹುಟ್ಟಿದಾಗಿನಿಂದ ಈ ಪ್ರೆಸ್ಸಿನ ಶಾಯಿ ಮೆತ್ತಿಕೊಂಡ ನಾನು ಹಾಗಾದರೆ ಯಾರು? "ಅಪ್ಪ 'ನನ್ನ ಕೇಳ್ದೆ ಮುಟ್ಬೇಡ' ಅಂತ ಮುಖಕ್ಕೇ ಹೇಳ್ತಿದ್ರು, ಅಣ್ಣ. ನೀನು ಮಷೀನ್ ಬಾಯಲ್ಲಿ ಸುಳ್ಳು ಹೇಳಿಸ್ದೆ," ಎಂದೆ.

ವೈರಪ್ಪ ಮೌಸ್ ಹಿಡಿದ. "ಒಂದು ಕ್ಲಿಕ್ ಅಷ್ಟೇ ಅಕ್ಕ, ಹಾಕ್ಬಿಡ್ಲಾ?"

"ಬೇಡಪ್ಪ. ಬಾಗಿಲು ಹಾಕಿದೋರೇ ಬಂದು ತೆಗೀಲಿ."

ಅಣ್ಣ ತೆಗೆಯಲಿಲ್ಲ. ಮೇಡಂ ಬಂದಾಗಲೂ ಪರದೆ ಹಾಗೆಯೇ ಇತ್ತು. "ಸಿಸ್ಟಂದು ಏನೋ ಚಿಕ್ಕ ತೊಂದರೆ, ಮೇಡಂ," ಎಂದು ಅಣ್ಣ ಶುರುಮಾಡಿದ. ಕಳ್ಳನಿಗೊಂದು ಪಿಳ್ಳೆ ನೆವ. ನಾನು ಪರದೆಯನ್ನೇ ಅವರ ಕಡೆ ತಿರುಗಿಸಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ಪುಟ್ಟಿ ಯಾರು?"

"ನಾನೇ, ಮೇಡಂ. ಪ್ರೂಫ್ ತಿದ್ದೋಳು."

"ತಿದ್ದೋರಿಗೇ ತಿದ್ದೋಕೆ ಬಿಟ್ಟಿಲ್ವಾ?"

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತಿಗೆ, "ಟಿಕ್ ಹಾಕಿ ಅಂದ್ರೆ," ಎಂದರು. ಅಣ್ಣ ಬಗ್ಗಿ ಹಾಕಿದ.

ನಾನು ನನ್ನ ಮೇಜಿಗೆ ಹೋದೆ. 'ಎರಡು' ಎಂದಿದ್ದನ್ನು 'ಅರ್ಧ' ಮಾಡಿ ಉಳಿಸಿದೆ. ಈ ಸಲ 'ಅನುಮತಿ ಇಲ್ಲ' ಎನ್ನಲಿಲ್ಲ. ಮೇಡಂ ಹೊಸ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, ಒಪ್ಪಿ, ಹೊರಟರು.

"ಈಗ ಸಮಾಧಾನ ಆಯ್ತಾ, ಪುಟ್ಟಿ?" ಎಂದ ಅಣ್ಣ.

"ಇಲ್ಲ. ತಪ್ಪು ನನ್ನ ಮಷೀನಿಂದು ಅಂತ ನೀನು ಅವರೆದುರಿಗೇ ಹೇಳಿದ್ದೆ. ಅಲ್ಲ ಅಂತ ಹೇಳೋದೂ ಅವರೆದುರಿಗೇ ಆಗ್ಲಿ. ಇನ್ನೂ ಮೆಟ್ಟಿಲು ಇಳೀತಿದಾರೆ."

ಅಣ್ಣ ಅತ್ತಿಗೆಯ ಮುಖ ನೋಡಿದ. ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಅವನು ಮೇಜಿನ ಕೆಳಗೆ ಕಾಲು ಚಾಚಿ ಚಪ್ಪಲಿ ತಡಕಾಡತೊಡಗಿದ.