ತಗಡಿನ ಡಬ್ಬ

ಸತ್ತ ಮೇಕೆಮರಿಯ ಬಾಯಿಯನ್ನು ಹೆಬ್ಬೆರಳಿನಿಂದ ಬಿಡಿಸಿ, ಕಾವಲುಗಾರನ ತಂಗಿಯ ಮಗಳು ಅದರ ದವಡೆಯನ್ನು ದೀಪದ ಬೆಳಕಿಗೆ ಹಿಡಿದಳು.

"ನೋಡಿ ಮಾವ, ಇದೂ ಓರೆ. ಮೇಲಿಂದು ಕೆಳಗಿಂದಕ್ಕೆ ಕೂಡೋದೇ ಇಲ್ಲ. ಮೊಲೆ ಚೀಪೋಕಾಗದೆ ಹಸಿವಿಂದ ಸತ್ತಿದೆ."

"ಈ ವರ್ಷ ಇದು ಐದನೇದು" ಎಂದ ಕಾವಲುಗಾರ. ಗುಡ್ಡದಿಂದ ಮರಿಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಅವಳ ಪ್ರಯೋಗಾಲಯದ ಬಿಳಿ ಮೇಜಿನ ಮೇಲೆ ಅದು ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು.

ಆರು ವರ್ಷದ ಹಿಂದೆ, ಒಂದೇ ಬೆಳಗಿನಲ್ಲಿ, ಆ ಗುಡ್ಡದ ಅರ್ಧ ಮೈ ಕಳಚಿ ಕೆಳಗೆ ಬಂದಿತ್ತು. ಇನ್ನೂರು ಕಾಡುಮೇಕೆಗಳಿದ್ದ ಹಿಂಡಿನಲ್ಲಿ ಉಳಿದದ್ದು ಹನ್ನೊಂದು. ಅದರಲ್ಲಿ ಗಂಡು ಒಂದೇ, ಕೊಂಬು ಮೂಡದ ಹಾಲುಗಲ್ಲದ ಮರಿ. ಕಾವಲುಗಾರ ಅದನ್ನು ಕೆಸರಿನಿಂದ ಎಳೆದು ತಂದು, ತನ್ನ ಕಂಬಳಿಯಲ್ಲೇ ಮಲಗಿಸಿಕೊಂಡು, ಬಾಟಲಿ ಹಾಲು ಕುಡಿಸಿ ಬದುಕಿಸಿದ. "ನಮ್ಮ ಮಕ್ಕಳಿಗೆ ಒಂದಿನಾದ್ರೂ ರಾತ್ರಿ ಹೀಗೆ ಎದ್ದಿದ್ರಾ?" ಎಂದು ಹೆಂಡತಿ ಕೇಳಿದ್ದಳು. ಎದ್ದಿರಲಿಲ್ಲ. ಮರಿ ಬೆಳೆದು, ಒಂದು ಕೊಂಬು ಮೊಂಡಾಗಿಯೇ ನಿಂತು, ಮೊಂಡ ಎಂದು ಹೆಸರು ಪಡೆಯಿತು. ಈಗ ಹಿಂಡಿನಲ್ಲಿ ಎಪ್ಪತ್ತು ತಲೆ. ಕಚೇರಿಯವರು ಕಾವಲುಗಾರನನ್ನು 'ಹೋತದಪ್ಪ' ಎಂದು ಕರೆಯುತ್ತಿದ್ದರು. ಅವನು ಮೇಲೆ ಸಿಟ್ಟು ತೋರಿಸಿ ಒಳಗೊಳಗೇ ಹಿಗ್ಗುತ್ತಿದ್ದ.

"ಮುಳ್ಳಿಗೆ ಸಿಕ್ಕಿದ್ದ ಕೂದಲು ಆರಿಸಿ ಕೊಟ್ಟಿದ್ರಲ್ಲ, ಎಲ್ಲಾ ನೋಡಿದೆ" ಎಂದಳು ತಂಗಿಯ ಮಗಳು. "ತಂದೆ ಕಡೆ ಅಷ್ಟೂ ಒಂದೇ. ಮೊಂಡ, ಇಲ್ಲಾಂದ್ರೆ ಮೊಂಡನ ಮಕ್ಕಳು."

"ಹಂಗಾದ್ರೆ ಅಷ್ಟೂ ನನ್ನ ಮೊಮ್ಮಕ್ಕಳೇ ಅನ್ನು."

ಅವಳು ನಗಲಿಲ್ಲ. "ಗುಡ್ಡ ಕುಸಿದಾಗ ಮೇಕೆಗಳ ಜೊತೆ ಅವುಗಳ ಗುಣಾನೂ ಹೂತೋಯ್ತು ಮಾವ. ಒಂದರ ರಕ್ತದಲ್ಲಿ ಚಳಿ ತಡೆಯೋದಿತ್ತು, ಇನ್ನೊಂದರಲ್ಲಿ ಜ್ವರ ತಡೆಯೋದಿತ್ತು. ಈಗ ತಲೆ ಎಪ್ಪತ್ತಿದ್ರೂ ಗುಣ ಹಿಡಿಯಷ್ಟೇ. ಅಣ್ಣ ತಂಗಿ ಕೂಡಿ ಹುಟ್ಟಿದ್ದು, ಮತ್ತೆ ಅಣ್ಣ ತಂಗಿ ಕೂಡಿದ್ದು. ದವಡೆ ಓರೆ ಆಗ್ತಿರೋದು ಅದಕ್ಕೇ. ನಾಳೆ ಒಂದು ಕೆಟ್ಟ ಜ್ವರ ಬಂದ್ರೆ ಎಪ್ಪತ್ತೂ ಒಟ್ಟಿಗೇ ಬೀಳ್ತವೆ."

"ಮದ್ದಿಲ್ವಾ?"

"ಇದೆ. ಕಣಿವೆ ಆಚೆ ಬೇರೆ ಹಿಂಡಿದೆಯಲ್ಲ, ಅಲ್ಲಿಂದ ಒಂದೆರಡು ಹೋತ ದಾಟಿ ಬಂದ್ರೆ ಸಾಕಿತ್ತು. ಬರ್ತಿಲ್ವಲ್ಲ, ಏನು ಮಾಡೋದು? ನಿಮ್ಮ ದಿನಚರೀಲೇ ಇದೆ." ಅವಳು ಕಪಾಟಿನಿಂದ ಪುಸ್ತಕ ತೆಗೆದು ತೆರೆದಳು. ಪ್ರತಿ ಪುಟದಲ್ಲೂ 'ಹೊರಗಿನ ಪ್ರಾಣಿ' ಎಂಬುದರ ಎದುರಿಗೆ ಅವನದೇ ಗುಂಡು ಅಕ್ಷರದಲ್ಲಿ 'ಇಲ್ಲ' ಎಂದಿತ್ತು. "ಇದನ್ನ ನೋಡಿಯೇ ಸಾಹೇಬರು, ಯಾವುದೂ ಓಡಾಡದ ದಾರಿ, ಸುಮ್ನೆ ಕಲ್ಲು ಬೀಳತ್ತೆ ಅಂತ, ಸೋಮವಾರ ಕಣಿವೆ ಬಾಯಿಗೆ ತಂತಿ ಬೇಲಿ ಹಾಕಿಸ್ತಿದ್ದಾರೆ. ಬೇಲಿ ಹಾಕಿದ ಮೇಲೆ ಮುಗೀತು. ಲಾರೀಲಿ ತರಿಸೋಣ್ವಾ ಅಂತ ಕೇಳ್ದೆ, ಆಗಲ್ಲ ಅಂದ್ರು."

ಅವಳು ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದಳು. ಕಾವಲುಗಾರ ತೆರೆದ ಪುಟವನ್ನೇ ನೋಡುತ್ತ ಕೂತ.

ಬರುತ್ತಿದ್ದವು. ಪ್ರತಿ ವರ್ಷ ಚಳಿ ಹಿಡಿಯುವ ಹೊತ್ತಿಗೆ ಆಚೆಯಿಂದ ಒಂದೋ ಎರಡೋ ಹೋತ ಕಣಿವೆ ಹತ್ತಿ ಬರುತ್ತಿದ್ದವು. ಎದೆಯಗಲದ, ಕತ್ತಿನ ಸುತ್ತ ಕಪ್ಪು ಕೂದಲಿನ ಹೋತಗಳು. ಮೊದಲು ಬಂದದ್ದು ಮೊಂಡನ ಪಕ್ಕೆ ಸೀಳಿಹಾಕಿತ್ತು. ಅಂದಿನಿಂದ ಕಾವಲುಗಾರ ತಗಡಿನ ಡಬ್ಬ ಬಡಿದು ಅವನ್ನು ಬಂದ ದಾರಿಗೇ ಅಟ್ಟುತ್ತಿದ್ದ. ಓಡಿಸಿದ ಮೇಲೆ ಬಂದದ್ದು ಬಂದ ಹಾಗಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು 'ಇಲ್ಲ' ಎಂದು ಬರೆಯುತ್ತಿದ್ದ. ಮೊಂಡನಿಗೂ ಅದು ರೂಢಿಯಾಗಿತ್ತು. ಹೊರಗಿನ ಹೋತ ಕಂಡರೆ ಸಾಕು, ಕಾದಾಡುವುದು ಬಿಟ್ಟು, ಡಬ್ಬದ ಸದ್ದಿಗಾಗಿ ಕಾವಲುಗಾರನ ಗುಡಿಸಲ ಕಡೆಗೆ ಕತ್ತು ತಿರುಗಿಸುತ್ತಿದ್ದ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದಿನ ವರ್ಷ ನಿವೃತ್ತಿ. ಹಿಂಡು ಉಳಿಸಿದವನು ಎಂಬ ಹೆಸರು ಹೊತ್ತು ಮನೆಗೆ ಹೋಗಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯಿತಲ್ಲ ಎಂದುಕೊಂಡ. ಮೇಜಿನ ಮೇಲೆ ಮರಿಯ ಬಾಯಿ ಬಿಟ್ಟಂತೆಯೇ ಇತ್ತು.

"ಬರ್ತಾವೆ" ಎಂದ.

"ಏನು ಮಾವ?"

"ಆಚೆ ಹೋತಗಳು. ವರ್ಷಾ ವರ್ಷ ಬರ್ತಾವೆ. ನಾನೇ ಓಡಿಸ್ತಿದ್ದೆ, ಡಬ್ಬ ಬಡಿದು."

ಅವಳ ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಆರು ವರ್ಷಾನಾ?"

"ಐದು." ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. "ಮೊಂಡನ್ನ ಗುದ್ದಿ ಸಾಯಿಸ್ತಿದ್ವು ಕಣೇ."

ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯದೆ ಒಂದು ಹಾಳೆ ತಂದು ಮುಂದಿಟ್ಟಳು. "ಹೀಗೇ ಬರೆದು ಕೊಡಿ. ಇವತ್ತೇ ಸಾಹೇಬರ ಹತ್ರ ಹೋಗ್ತೀನಿ. ನಿಮಗೆ ತೊಂದರೆ ಆಗತ್ತೆ, ಗೊತ್ತಲ್ಲ?"

"ಆಗ್ಲಿ ಬಿಡು. ಮಾಡಿದ್ದುಣ್ಣೋ ಮಹರಾಯ." ಪೆನ್ನು ಹಿಡಿದವನು ತಲೆ ಎತ್ತಿದ. "ಮೊಂಡನ ಗತಿ?"

"ಬಂದವನು ಗಟ್ಟಿಯಿದ್ರೆ..." ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು. ಅವನು ಬರೆಯತೊಡಗಿದ.

ಸಾಹೇಬರು ಕರೆಸಿ ಬೈದರು, ಆಮೇಲೆ ನೋಟಿಸೂ ಬಂತು. ಕಚೇರಿಯಲ್ಲಿ 'ಹೋತದಪ್ಪ' ಎನ್ನುವವರು ಯಾರೂ ಉಳಿಯಲಿಲ್ಲ. ತಂತಿಯ ಸುರುಳಿಗಳು ಮಾತ್ರ ಕಣಿವೆ ಬಾಯಲ್ಲಿ ಬಿಚ್ಚದೆ ಬಿದ್ದಿದ್ದವು.

ಚಳಿ ಶುರುವಾದ ವಾರ, ಒಂದು ಮಧ್ಯಾಹ್ನ, ಆ ಸುರುಳಿಗಳನ್ನು ದಾಟಿಕೊಂಡು ಕಪ್ಪು ಕತ್ತಿನ ಹೋತವೊಂದು ಮೇಲೆ ಬಂತು. ಮೇಯುತ್ತಿದ್ದ ಹೆಣ್ಣುಗಳು ತಲೆ ಎತ್ತಿದವು. ಮೊಂಡ ಒಮ್ಮೆ ಅದನ್ನು ನೋಡಿ, ಗುಡಿಸಲ ಕಡೆಗೆ ಕತ್ತು ತಿರುಗಿಸಿದ.

ಕಾವಲುಗಾರ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂತ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಹೋತ ಇನ್ನೂ ಹತ್ತಿರ ಬಂತು. ಮೊಂಡ ಗುಡಿಸಲ ಕಡೆಗೇ ನೋಡುತ್ತ ನಿಂತಿದ್ದ.