ಭಾನುವಾರದ ವ್ಯಾನು

ಗಗನಾಳ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕಲ್ಲಿನಲ್ಲಿ ನಾರು ತೆಗೆಯುವುದು ಸುಲಭ ಎಂದು ದ್ವಾರಕಾನಾಥ್ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದರು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ತಂಗಿಯ ಮಗಳನ್ನು ಮೈಸೂರಿನಿಂದ ಈ ಪರದೇಶಕ್ಕೆ ಕರೆತಂದು, ಪಾರ್ಕ್‌ಲ್ಯಾಂಡ್ಸಿನ ತಮ್ಮ ಟ್ರಾವೆಲ್ ಆಫೀಸಿನಲ್ಲಿ ಕೂರಿಸಿಕೊಂಡಿದ್ದರು. ಬಾಯಿ ಬಿಡದಿದ್ದರೂ ಅವಳ ಕಣ್ಣು ಯಾವುದನ್ನೂ ಬಿಡುತ್ತಿರಲಿಲ್ಲ.

2006ರ ಮೇ ಮೊದಲ ವಾರ ಸೂರ್ಯನಾರಾಯಣ, ಉಷಾ ದಂಪತಿ ಬಂದರು. ಸೂರ್ಯನಾರಾಯಣ ಔಷಧ ಕಾರ್ಖಾನೆಯ ಇಂಜಿನಿಯರ್. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಮಗಳು ಹಂಸಾ ವೆಸ್ಟ್ ಇಂಡೀಸಿನ ಒಂದು ಪುಟ್ಟ ದ್ವೀಪದಲ್ಲಿ ಡಾಕ್ಟರ್ ಓದು ಮುಗಿಸಿದ್ದಳು. ಪದವಿ ಕೊಡುವುದು ಮೇ ಕೊನೆಯ ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ.

"ಅವಳಿಗೆ ಬರೋಕಾಗಲ್ಲ ಅಂತ ಹೇಳಿಬಿಟ್ಟಿದೀವಿ. ಸುಮ್ನೆ ಹೋಗಿ ಮುಂದಿನ ಸಾಲಲ್ಲಿ ಕೂತ್ಕೋಬೇಕು," ಎಂದು ಹೇಳುವಾಗಲೇ ಉಷಾ ಕಣ್ಣು ತುಂಬಿಕೊಂಡರು.

ಶುಕ್ರವಾರ ವಿಮಾನ ಇಳಿಯುವುದು ದ್ವೀಪದ ಈ ತುದಿ, ಕಾಲೇಜು ಆ ತುದಿ. ನಡುವೆ ಐವತ್ತು ಕಿಲೋಮೀಟರ್ ಬೆಟ್ಟದ ದಾರಿ. ಅಲ್ಲಿಯ ಗೆಸ್ಟ್‌ಹೌಸಿನವರು ಕಳಿಸಿದ್ದ ಫ್ಯಾಕ್ಸ್ ಹಿಡಿದು ದ್ವಾರಕಾನಾಥ್ ಶುರು ಮಾಡಿದರು. "ಬಾಡಿಗೆ ಕಾರಿದೆ. ನೀವೇ ಓಡಿಸ್ಬೇಕು."

"ಇವರಾ? ಮನೆ ಗೇಟೇ ಕಾಣಿಸಲ್ಲ ಇವರಿಗೆ," ಎಂದರು ಉಷಾ.

"ದೋಣಿ?"

"ಅಯ್ಯೋ, ನೀರಂದ್ರೆ ನನಗೆ ಜೀವ ಹೋಗತ್ತೆ."

"ಟ್ಯಾಕ್ಸಿ ಹಿಂದಿನ ದಿನವೇ ಹೇಳಿಡ್ಬೇಕಂತೆ. ಅದೆಲ್ಲ ಯಾಕೆ? ವ್ಯಾನಿದೆಯಲ್ಲ, ದಾರಿಯುದ್ದಕ್ಕೂ ಜನ ಹತ್ತಿಸ್ಕೊಳ್ಳೋ ನಮ್ಮ ಇಲ್ಲಿನ ಮಟಾಟು ಥರಾನೇ! ಕೈ ಅಡ್ಡ ಹಿಡಿದ್ರೆ ನಿಲ್ಲತ್ತೆ. ಶನಿವಾರ ಬೆಳಿಗ್ಗೆ ಹತ್ತಿಬಿಡಿ."

ಉಷಾ ಗೋಡೆಯ ಕ್ಯಾಲೆಂಡರ್ ನೋಡಿದರು. "ಶನಿವಾರ ಅಮಾವಾಸ್ಯೆ. ಮಗಳ ಶುಭಕಾರ್ಯಕ್ಕೆ ಅಮಾವಾಸ್ಯೆ ದಿನ ಹೊರಡೋದಾ?"

"ಸರಿ, ಭಾನುವಾರ ಏಳಕ್ಕೆ ಹೊರಡಿ. ಆಯ್ತಲ್ಲ!"

ಗಗನಾ ಥಟ್ಟನೆ ತಲೆ ಎತ್ತಿದಳು. ಆ ಫ್ಯಾಕ್ಸನ್ನು ಅವಳು ಡಿಕ್ಷನರಿ ಇಟ್ಟುಕೊಂಡು ಮೂರು ಸಲ ಓದಿದ್ದಳು. ಕೊನೆಯ ಸಾಲಿನಲ್ಲಿತ್ತು: ಭಾನುವಾರ ವ್ಯಾನು ಓಡುವುದಿಲ್ಲ.

"ಮಾವಾ, ಭಾನುವಾರ..."

"ಆಹಾ, ಕಲ್ಲು ಮಾತಾಡ್ತು! ಏನಮ್ಮ, ಟೀ ತರ್ತೀಯಾ? ಮೂರು ತಾ."

ಎಲ್ಲರೂ ನಕ್ಕರು. ಅವಳು ಎದ್ದುಹೋದಳು. ಓದಿದವರ ಮುಂದೆ ತಾನೇನು ಹೇಳುವುದು? ತಾನೇ ತಪ್ಪು ಓದಿಕೊಂಡಿದ್ದರೆ? ಟಿಕೆಟ್ಟು, ಕಾಗದ ಎಲ್ಲ ಕವರಿಗೆ ಹಾಕುವಾಗ ಒಂದು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಆ ಒಂದು ಮಾತು ಬರೆದಳು. ನೋಡಿಯೇ ನೋಡುತ್ತಾರೆ ಎಂದುಕೊಂಡಳು.

ಆ ಭಾನುವಾರ ಸಂಜೆ ನಾಲ್ಕಕ್ಕೆ ಮನೆಯಲ್ಲಿ ಆಫೀಸಿನ ಮೊಬೈಲು ಹೊಡೆದುಕೊಂಡಿತು. ದ್ವೀಪದಲ್ಲಿ ಆಗ ಬೆಳಿಗ್ಗೆ ಒಂಬತ್ತು. ದ್ವಾರಕಾನಾಥ್ ಹಾಲಿನಲ್ಲಿ ಗೆಳೆಯರ ಜೊತೆ ಇಸ್ಪೀಟಿಗೆ ಕೂತಿದ್ದರು; ಗಗನಾ ಎತ್ತಿಕೊಂಡಳು.

"ಮಗೂ, ನಾನು ಸೂರ್ಯನಾರಾಯಣ. ರಸ್ತೆ ಬದಿಯ ಕಾಯಿನ್ ಫೋನಿಂದ ಮಾಡ್ತಿದೀನಿ. ಎರಡು ಗಂಟೆ ಹೊತ್ತಿಂದ ನಿಂತಿದೀವಿ, ಒಂದು ವ್ಯಾನೂ ಬರ್ಲಿಲ್ಲ. ಗೆಸ್ಟ್‌ಹೌಸಿನವರೆಲ್ಲ ಚರ್ಚಿಗೆ ಹೋಗಿದಾರೆ. ಹಂಸಾ ಫೋನ್ ಆಫ್ ಆಗಿದೆ."

ಅವರ ಹಿಂದೆ ಗಂಟೆ ಬಾರಿಸುತ್ತಿತ್ತು. ಉಷಾ ಅಳುತ್ತಿದ್ದರು. ಗಗನಾ ಮೊಬೈಲನ್ನು ಭುಜಕ್ಕೊತ್ತಿಕೊಂಡು, ಫ್ಯಾಕ್ಸ್ ಓದಿ ಬಾಯಿಪಾಠವಾಗಿದ್ದ ಟ್ಯಾಕ್ಸಿಯವನ ನಂಬರನ್ನು ಮನೆಯ ಫೋನಿನಿಂದ ಒತ್ತಿದಳು. ಅದು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ದೋಣಿಯವನದೂ ಹಾಗೇ.

"ಇರು ಮಗೂ, ಈ ಹಾಳೆ ಹಿಂದೆ ಪೆನ್ಸಿಲಲ್ಲಿ ಏನೋ ಇದೆ. ನನಗೆ ಕಣ್ಣಿಗೆ ಹತ್ತಲ್ಲ, ಇವಳ ಕನ್ನಡಕ ರೂಮಲ್ಲಿದೆ. ನೀನು ಬರೆದಿದ್ದಾ? ಬೇರೆ ದಾರಿ ಏನಾದ್ರೂ ಬರೆದಿದೀಯಾ?" ಅವರ ದನಿಗೆ ಜೀವ ಬಂದಿತ್ತು.

"ಭಾನುವಾರ ವ್ಯಾನಿಲ್ಲ ಅಂತ, ಅಂಕಲ್."

"ಏನು? ಇಲ್ಲಿ ಗಾಳಿ, ಕೇಳಿಸ್ತಿಲ್ಲ."

ಇನ್ನೊಮ್ಮೆ ಹೇಳಿದಳು.

"ಜೋರಾಗಿ ಹೇಳಮ್ಮ!"

"ಭಾನುವಾರ ವ್ಯಾನು ಓಡಲ್ಲ!" ಗಗನಾ ಕಿರುಚಿದಳು. ಹಾಲಿನಲ್ಲಿ ಇಸ್ಪೀಟು ನಿಂತಿತು. ದ್ವಾರಕಾನಾಥ್ ಎಲೆ ಹಿಡಿದ ಕೈಯಲ್ಲೇ ತಿರುಗಿ ನೋಡಿದರು.

"ಹೂಂ, ಈಗ ಕೇಳಿಸ್ತು ಮಗೂ," ಎಂದರು ಸೂರ್ಯನಾರಾಯಣ, ಬಹಳ ಮೆತ್ತಗೆ. ಅಷ್ಟರಲ್ಲಿ ಅವರ ಚಿಲ್ಲರೆ ಮುಗಿದು ಲೈನು ಕಡಿಯಿತು.